ಒಳಜೇಬಿನ ಬಿಳಿ ಪೊಟ್ಟಣ

ಇದನ್ನು ಬರೆಯಬೇಕೆಂದು ನಾನು ಮೊದಲು ಅಂದುಕೊಂಡದ್ದು ಕೆಲಸ ಬಿಟ್ಟ ವಾರದಲ್ಲಿ. ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದು ಮುಂದೂಡಿದೆ. ಅದಾಯಿತು. ಆಮೇಲೆ ತೋಟದಲ್ಲಿ ಕಾಯಿ ಕೀಳಿಸುವುದು ಮುಗಿಯಲಿ ಎಂದೆ. ಕಾಯಿ ಕೀಳಿಸುವುದು ವರ್ಷಕ್ಕೆ ಹಲವು ಸಲ ಬರುವ ಕೆಲಸ, ಹಾಗಾಗಿ ನೆಪಕ್ಕೆ ಎಂದೂ ಕೊರತೆಯಾಗಲಿಲ್ಲ. ನಿಜ ಹೇಳಬೇಕೆಂದರೆ, ಈ ಪ್ರಕರಣದಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ಅಜ್ಞಾನ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಬಹುದು. ಆಮೇಲಿನವಕ್ಕೆ ಆ ಸೌಲಭ್ಯ ಇಲ್ಲ. ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ತಿಪಟೂರಿನ ಹೊರಗೆ, ಹುಳಿಯಾರು ರಸ್ತೆಯಲ್ಲಿದ್ದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಸ್ಟೋರ್ ಮತ್ತು ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಅದಕ್ಕೂ ಮೊದಲು ಇಪ್ಪತ್ತು ವರ್ಷಕ್ಕೂ ಮೇಲೆ ಒಂದು ಕೊಬ್ಬರಿ ಮಂಡಿಯಲ್ಲಿ ಮಾಲು ನೋಡುವ ಕೆಲಸದಲ್ಲಿದ್ದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ, ಹತ್ತು ಹನ್ನೊಂದು ತಿಂಗಳು ನೀರೆಲ್ಲ ಇಂಗುವ ತನಕ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಅದಕ್ಕೆ ದೊಡ್ಡ ಶತ್ರು ಮುಗ್ಗು, ಅಂದರೆ ಬೂಷ್ಟು. ರೈತ ಚೀಲ ಇಳಿಸಿದ ಕೂಡಲೇ ನಾನು ಒಂದು ಉಂಡೆ ತೆಗೆದು, ಒಡೆದು, ಮೂಸಿ, ಚೂರು ಕಚ್ಚಿ ನೋಡಿ, 'ಒಳ್ಳೇದು' ಅಥವಾ 'ಮುಗ್ಗಿದೆ' ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು. ಯಾವ ಕಾಗದವೂ ಬೇಕಿರಲಿಲ್ಲ. ಮಂಡಿಯಲ್ಲಿ ಮೂಗಿಗೆ ಇರುವ ಮರ್ಯಾದೆ ಸರ್ಟಿಫಿಕೇಟಿಗೆ ಇಲ್ಲ. ನನ್ನ ಮೂಗಿನ ಹೆಸರು ತುರುವೇಕೆರೆ, ಮಾಯಸಂದ್ರದ ತನಕ ಓಡಾಡುತ್ತಿತ್ತು. ಕಾರ್ಖಾನೆಯವರು ನನ್ನನ್ನು ಕರೆದು ಕೆಲಸ ಕೊಟ್ಟದ್ದೂ ಅದಕ್ಕೇ: ಗೋಡೌನ್ ಕಾಯುವುದು ಗೊತ್ತಿರುವ ಮನುಷ್ಯ ಎಂದು.

ಅಲ್ಲಿ ಹೊಲಿಯುತ್ತಿದ್ದದ್ದು ಹಿಮ ಬೀಳುವ ದೇಶಗಳಿಗೆ ಹೋಗುವ ಸಿಂಥೆಟಿಕ್ ಜಾಕೆಟ್‌ಗಳು. ಹೊರಗಡೆ ನೀರು ಜಾರಿಹೋಗುವಂತೆ ಲೇಪ ಹಚ್ಚಿದ ಪಾಲಿಯೆಸ್ಟರ್ ಬಟ್ಟೆ, ನಡುವೆ ಹತ್ತಿಯಂತೆ ಕಾಣುವ ಪಾಲಿಯೆಸ್ಟರ್ ನಾರು, ಒಳಗೆ ನುಣುಪಾದ ಲೈನಿಂಗ್. ಲೇಪಕ್ಕೊಂದು ಕೆಮಿಕಲ್, ಬಣ್ಣಕ್ಕೊಂದು, ಬಣ್ಣ ನಿಲ್ಲಿಸಲು ಇನ್ನೊಂದು. ಇವುಗಳಲ್ಲಿ ಯಾವುದು ಎಷ್ಟಿರಬಹುದು, ಯಾವುದು ಇರಲೇಬಾರದು ಎಂದು ಕೊಳ್ಳುವ ಕಂಪನಿ ಒಂದು ದಪ್ಪ ಪುಸ್ತಕವನ್ನೇ ಕಳಿಸಿತ್ತು. ಇಂಗ್ಲಿಷಿನಲ್ಲಿತ್ತು. ಪ್ರತಿ ಪುಟಕ್ಕೂ ನನ್ನ ಸಹಿ ಹಾಕಿಸಿಕೊಂಡರು. ಪ್ಯಾಕಿಂಗ್ ಎಂಬ ಅಧ್ಯಾಯ ಆರೇ ಪುಟ. ಅದನ್ನು ಮಾತ್ರ ನಾನು ಡಿಕ್ಷನರಿ ಇಟ್ಟುಕೊಂಡು ಓದಿದ್ದೆ. ತೇವ ಹೀರಲು ಸಿಲಿಕಾ ಜೆಲ್ ಬಿಟ್ಟು ಬೇರೆ ಯಾವ ಮುಗ್ಗುನಿವಾರಕವನ್ನೂ ಹಾಕಬಾರದು ಎಂದು ಅಲ್ಲಿ ದಪ್ಪಕ್ಷರದಲ್ಲಿತ್ತು. ಓದಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಚಳಿಗಾಲದ ಜಾಕೆಟ್ ತಯಾರಾಗುವುದು ಆಷಾಢದಲ್ಲಿ. ಹಡಗಿನಲ್ಲಿ ವಾರಗಟ್ಟಲೆ ಹೋಗಿ ತಲುಪುವ ಹೊತ್ತಿಗೆ ಅಲ್ಲಿ ಚಳಿ ಶುರುವಾಗಬೇಕು. ಆಷಾಢದ ಜಡಿಯಲ್ಲಿ ಪ್ಯಾಕ್ ಮಾಡಿದ ಪೆಟ್ಟಿಗೆ ಒಳಗೊಳಗೇ ಬೆವರುತ್ತದೆ. ಹಿಂದಿನ ವರ್ಷ ನಮ್ಮ ಕೆಲವು ಪೆಟ್ಟಿಗೆಗಳಲ್ಲಿ ಮುಗ್ಗು ಕಂಡಿತೆಂದು ಫೋಟೋ ಬಂದಿತ್ತು. ಮ್ಯಾನೇಜರ್ ಆ ಫೋಟೋಗಳನ್ನು ನನ್ನ ಮೇಜಿನ ಮೇಲೆ ಹರಡಿ, "ಕೊಬ್ಬರಿ ಪಂಡಿತರು ಕಾಯ್ದ ಗೋಡೌನ್ ನೋಡ್ರಪ್ಪಾ" ಎಂದು ಎಲ್ಲರೆದುರು ನಕ್ಕಿದ್ದರು. ಆ ನಗು ನನಗೆ ವರ್ಷವಿಡೀ ಚುಚ್ಚುತ್ತಿತ್ತು. ಈ ಸಲ ಒಂದು ಜಾಕೆಟ್ಟಿಗೂ ಮುಗ್ಗು ತಗಲಬಾರದು ಎಂದು ಹಟ ಹಿಡಿದಿದ್ದೆ.

ಸರಿಯಾಗಿ ಆ ಹೊತ್ತಿಗೇ ಸಿಲಿಕಾ ಜೆಲ್ ಮುಗಿಯಿತು. ಮ್ಯಾನೇಜರ್ ಎಲ್ಲಿಂದಲೋ ಚೀಲಗಟ್ಟಲೆ ಪೊಟ್ಟಣ ತರಿಸಿದರು. ಬೆರಳುದ್ದದ ಬಿಳಿ ಪೊಟ್ಟಣ, ಮೇಲೆ ಒಂದಕ್ಷರವೂ ಇಲ್ಲ.

"ಜೆಲ್ ಬರೋದು ಇನ್ನೂ ಒಂದು ತಿಂಗಳು ಆಗುತ್ತಂತೆ. ಇದು ಅದರಪ್ಪ ಕಣ್ರೀ, ಮುಗ್ಗು ಹತ್ತಿರಾನೂ ಸುಳಿಯಲ್ಲ" ಎಂದರು. "ನೀವು ಒಂದು ಸಲ ನೋಡಿ ಹೇಳಿ. ನಿಮ್ಮ ಮೂಗಿಗಿಂತ ಲ್ಯಾಬ್ ಬೇಕಾ?"

ಹೋದ ವರ್ಷ ನಕ್ಕ ಬಾಯಿಂದ ಬಂದ ಮಾತು. ನಾನು ಉಬ್ಬಿದೆ. ಪೊಟ್ಟಣ ಹರಿದು, ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದೆ. ಹೇಳಿಕೊಳ್ಳುವಂಥ ವಾಸನೆ ಇರಲಿಲ್ಲ. ಬೆರಳು ಉರಿಯಲೂ ಇಲ್ಲ. ಜಾಕೆಟ್‌ಗಳೇ ಅದಕ್ಕಿಂತ ನಾರುತ್ತಿದ್ದವು. "ಏನೂ ಇಲ್ಲ ಸಾರ್, ಒಳ್ಳೇದು" ಎಂದೆ, ಮಂಡಿಯಲ್ಲಿ ಅಂದ ಹಾಗೇ. ಇನ್ವರ್ಡ್ ರಿಜಿಸ್ಟರಿನಲ್ಲಿ 'ಪರೀಕ್ಷಿಸಲಾಗಿದೆ, ಸರಿ ಇದೆ' ಎಂದು ಬರೆದೆ. ಜಾಕೆಟ್‌ಗೆ ಒಂದು ಸಾಕು ಎಂದಿದ್ದರು. ನಾನು ಎರಡು ಹಾಕಿಸಿದೆ.

ಪೊಟ್ಟಣ ಹಾಕುವ ಕೆಲಸ ಮೂರನೇ ಟೇಬಲ್ಲಿನದು. ಆರು ಜನ ಹೆಂಗಸರು. ಜಾಕೆಟ್ ಮಡಿಸಿ, ಒಳಜೇಬಿಗೆ ಪೊಟ್ಟಣ ಇಟ್ಟು, ಪ್ಲಾಸ್ಟಿಕ್ ಚೀಲಕ್ಕೆ ತೂರಿಸಿ ಅಂಟಿಸಬೇಕು. ನಮ್ಮಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಕಡಿಮೆ. 'ಮೂರನೇ ಟೇಬಲ್, ಬೇಗ' ಎಂದರೆ ಆರೂ ಜನಕ್ಕೆ ಹೇಳಿದಂತೆ. ಆ ಆರರಲ್ಲಿ ಒಬ್ಬಾಕೆ ಕೆಂಕೆರೆ ಕಡೆಯ ಹಟ್ಟಿಯಿಂದ ಕಾರ್ಖಾನೆಯ ವ್ಯಾನಿನಲ್ಲಿ ಬರುತ್ತಿದ್ದಳು. ಮೂವತ್ತೈದರ ಆಸುಪಾಸು. ಮನೆಯಲ್ಲಿ ಕುರಿಗಳು, ಒಂದು ಸೀಮೆ ಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಅಲ್ಲಿಂದಲೇ ವ್ಯಾನ್ ಹತ್ತುವವಳು. ಬಾಯಿ ಚುರುಕು.

ಹೊಸ ಲಾಟ್ ಬಂದ ದಿನ ಜಾಕೆಟ್ ಮೂಸಿ ಅವಳು ನನ್ನನ್ನು ಕೇಳಿದಳು: "ಸಾರ್, ನಮ್ಮ ಕಂಬ್ಳೀಲಿ ಕುರಿ ವಾಸ್ನೆ ಬತ್ತದೆ. ಇದ್ರಲ್ಲಿ ಬರೋದು ಯಾವ ಪ್ರಾಣೀದು?"

ಪಕ್ಕದಲ್ಲಿದ್ದ ರತ್ನಮ್ಮ, "ಫಾರಿನ್ ಪ್ರಾಣೀದು ಕಣೇ, ಕುರಿಗಿಂತ ನಾತ ಜಾಸ್ತಿ" ಎಂದಳು. ಟೇಬಲ್ ಪೂರಾ ನಕ್ಕಿತು. ನಾನೂ ನಕ್ಕೆ.

ಪೊಟ್ಟಣ ಹಾಕಲು ಶುರುಮಾಡಿ ಎಂಟು ಹತ್ತು ದಿನ ಆಗಿರಬೇಕು, ಅವಳು ನನ್ನ ಮೇಜಿನ ಮುಂದೆ ನಿಂತು ಎರಡೂ ಕೈ ಚಾಚಿದಳು. ಬೆರಳ ಸಂದಿನಿಂದ ಮಣಿಕಟ್ಟಿನ ತನಕ ಕೆಂಪಗೆ ದದ್ದು ಎದ್ದಿತ್ತು.

"ಸಾರ್, ಉರೀತವೆ. ಒಂದ್ಕಿತ ನೋಡಿ."

"ಹೊಲದಲ್ಲಿ ಪಾರ್ಥೇನಿಯಂ ಕಿತ್ತಿರ್ತೀಯ ಕಣಮ್ಮ. ಕೊಬ್ಬರಿ ಎಣ್ಣೆ ಹಚ್ಕೋ, ಹೋಯ್ತದೆ."

"ಈಗಿನ್ನೂ ರಾಗಿ ಬಿತ್ತಿದೀವಿ ಸಾರ್. ಕಳೇನೇ ಮೇಲೆದ್ದಿಲ್ಲ, ಎಲ್ಲಿಂದ ಕೀಳ್ಲಿ?"

ಮಾತಿನಲ್ಲಿ ಸೋತ ಮೇಲಿನವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಒಂದು ಬಾಟಲಿ ಕೊಬ್ಬರಿ ಎಣ್ಣೆ ತರಿಸಿ ಮೂರನೇ ಟೇಬಲ್ ಮೇಲೆ ಇಡಿಸಿದೆ. ನಮ್ಮ ಕಡೆ ಸುಟ್ಟ ಗಾಯಕ್ಕೂ ಅದೇ, ಒಡೆದ ಹಿಮ್ಮಡಿಗೂ ಅದೇ. ಎಣ್ಣೆ ಹಚ್ಚಿದ ಕೈಗೆ ಪುಡಿ ಇನ್ನಷ್ಟು ಅಂಟಿಕೊಂಡಿರಬಹುದು ಎಂದು ಆಮೇಲೆ ಒಬ್ಬ ಚರ್ಮದ ಡಾಕ್ಟರು ನನಗೆ ಹೇಳಿದರು. ಅವರು 'ಇರಬಹುದು' ಎಂದಷ್ಟೇ ಹೇಳಿದ್ದು. ನನಗೆ ಅಷ್ಟು ಸಾಕಾಯಿತು.

ಇನ್ನೊಂದು ವಾರ ಕಳೆಯಿತು. ದದ್ದು ಇದ್ದಲ್ಲಿ ನೀರುಗುಳ್ಳೆ ಬಂದವು. ಈ ಸಲ ಅವಳು ಬರೀ ಕೈ ತೋರಿಸಲು ಬಂದಿರಲಿಲ್ಲ, ಲೆಕ್ಕ ಹಾಕಿಕೊಂಡು ಬಂದಿದ್ದಳು.

"ಎರಡನೇ ಟೇಬಲ್ನೋರೂ ಇದೇ ಜಾಕೀಟು ಮುಟ್ತಾರೆ ಸಾರ್, ಚೀಟಿ ಕಟ್ತಾರೆ. ಪೊಟ್ಟಣ ಮುಟ್ಟಲ್ಲ. ಅವರ ಕೈ ಬೆಣ್ಣೆ ಇದ್ದಂಗವೆ. ನಮ್ಮ ಟೇಬಲ್ಲಲ್ಲಿ ಆರು ಜನದಲ್ಲಿ ನಾಕು ಜನಕ್ಕೆ ಎದ್ದೈತೆ. ಪೊಟ್ಟಣದ್ದೇ ಇದು."

"ನೀನೇನು ಡಾಕ್ಟ್ರೇನಮ್ಮ?" ಎಂದೆ. "ನಾನೂ ಮುಟ್ಟಿದೀನಿ. ನನಗೇನಾಯ್ತು?"

"ನೀವು ಒಂದು ಮುಟ್ಟಿದ್ರಿ. ನಾವು ದಿನಾ ಸಾವಿರ ಮುಟ್ತೀವಿ" ಎಂದು ಹೇಳಿ ಹೋದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಆ ಪುಡಿಯ ಎಂ.ಎಸ್.ಡಿ.ಎಸ್. ಕೇಳಿದೆ. ಯಾವುದೇ ಕೆಮಿಕಲ್ ಜೊತೆ ಬರಬೇಕಾದ ಕಾಗದ ಅದು. ಒಳಗೆ ಏನಿದೆ, ಮುಟ್ಟಿದರೆ ಏನಾಗುತ್ತದೆ, ಆದರೆ ಏನು ಮಾಡಬೇಕು ಎಂದು ಬರೆದಿರುತ್ತದೆ. ನಾಲ್ಕು ದಿನ ಸತಾಯಿಸಿ ಒಂದು ಜೆರಾಕ್ಸ್ ಕೊಟ್ಟರು. ಅದು ಸಿಲಿಕಾ ಜೆಲ್‌ನದು. ಕಂಪನಿಯ ಹೆಸರಿನ ಮೇಲೆ ವೈಟ್ನರ್ ಬಳಿದು ಜೆರಾಕ್ಸ್ ಮಾಡಿದ್ದು ಪೊರೆ ಬಂದ ಕಣ್ಣಿಗೂ ಕಾಣುತ್ತಿತ್ತು. ಪುಡಿ ಕೊಟ್ಟವನ ನಂಬರ್ ಕೇಳಿದರೆ, "ನೀವೇ ಓಕೆ ಮಾಡಿದ್ದಲ್ವೇನ್ರೀ? ಈಗ ಏನು ತನಿಖೆ?" ಎಂದರು. ರಿಜಿಸ್ಟರಿನಲ್ಲಿದ್ದದ್ದು ನನ್ನ ಅಕ್ಷರ. ನಾನು ಆ ಜೆರಾಕ್ಸನ್ನು ತೂತು ಹೊಡೆದು ಫೈಲಿಗೆ ಹಾಕಿದೆ.

ಸಾಗಣೆಗೆ ಮೊದಲು ಕೊಳ್ಳುವ ಕಂಪನಿಯಿಂದ ಆಡಿಟ್ ಬಂತು. ಆಡಿಟ್ ಎಂದರೆ ಇಲ್ಲಿ ಲೆಕ್ಕಪತ್ರವಲ್ಲ, ಕಾರ್ಖಾನೆ ಹೇಗೆ ನಡೆಯುತ್ತಿದೆ, ಕೆಲಸಗಾರರು ಹೇಗಿದ್ದಾರೆ ಎಂದು ನೋಡುವುದು. ಬಂದಾಕೆಗೆ ಹಿಂದಿ, ಇಂಗ್ಲಿಷ್ ಮಾತ್ರ ಬರುತ್ತಿತ್ತು. ಅನುವಾದ ಮಾಡಬೇಕಿದ್ದ ಆಫೀಸಿನ ಹುಡುಗಿ ರಜೆ. ಮ್ಯಾನೇಜರ್ ನನ್ನನ್ನು ಮುಂದೆ ತಳ್ಳಿದರು.

ಮೂರನೇ ಟೇಬಲ್ ಮುಂದೆ ನಿಂತು ಆಕೆ ಇಂಗ್ಲಿಷಿನಲ್ಲಿ, ಕೆಲಸದಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಐದು ಜನ ನೆಲ ನೋಡಿದರು. ಹಟ್ಟಿಯಾಕೆ ಎರಡೂ ಕೈಗಳನ್ನು ಟೇಬಲ್ ಮೇಲೆ ಇಟ್ಟಳು.

"ಮೇಡಮ್ಮೋರೆ, ಈ ಪೊಟ್ಟಣ ಮುಟ್ಟಿ ಹಿಂಗಾಗೈತೆ. ನಮ್ಮದು ಹೋಗ್ಲಿ. ಇದು ಚಿಕ್ಕ ಮಕ್ಳ ಸೈಜು. ಆ ಮಕ್ಳು ಮೈಗೆ ಹಾಕ್ಕೊಂತವಲ್ಲ, ಅವಕ್ಕೂ ಆಯ್ತದೆ. ಅವರಪ್ಪ ಅವ್ವಂಗೆ ಹೇಳ್ಬುಡಿ."

ಆಕೆ ನನ್ನ ಕಡೆ ತಿರುಗಿದರು. ಮ್ಯಾನೇಜರ್ ಕೂಡ. ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ನಾನು ಹೇಳಿದ್ದು ಇದು: ಇವರು ಹೊಲದವರು, ಪಾರ್ಥೇನಿಯಂ ಗಿಡ ಮುಟ್ಟಿ ಅಲರ್ಜಿ ಆಗಿದೆ, ಔಷಧಿ ಕೊಡಿಸುತ್ತಿದ್ದೇವೆ.

ನಾನಂದ ಇಂಗ್ಲಿಷಿನಲ್ಲಿ ಅವಳಿಗೆ ಗೊತ್ತಿದ್ದದ್ದು ಪಾರ್ಥೇನಿಯಂ ಒಂದೇ. ಅದು ಸಾಕಾಗಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಆಡಿಟ್‌ನಾಕೆ ಎಂದಿನ ಕ್ರಮದಂತೆ ಪ್ಯಾಕ್ ಆದ ಎರಡು ಜಾಕೆಟ್ ಸ್ಯಾಂಪಲ್ ತೆಗೆದುಕೊಂಡು, ಕೈ ಕುಲುಕಿ ಹೊರಟರು. ಮಧ್ಯಾಹ್ನ ಊಟದ ಸಾಲಿನಲ್ಲಿ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: "ನಾನು ಪೊಟ್ಟಣ ಅಂದೆ ಸಾರ್. ನೀವು ಕಳೆ ಅಂದ್ರಿ."

ಮರುದಿನ ಅವಳನ್ನು ಪ್ಯಾಕಿಂಗ್‌ನಿಂದ ತೆಗೆಯಲು ಮ್ಯಾನೇಜರ್ ಹೇಳಿದರು. ಬೇರೆ ವಿಭಾಗಕ್ಕೂ ಬೇಡ ಎಂದರು. ತೆಗೆದರೆ ಹಾಜರಿ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಪೊಟ್ಟಣ ಎಂದು ಬರೆಯುವಂತಿಲ್ಲ. ನಾನು ಬರೆದೆ: 'ಚರ್ಮರೋಗ. ಪ್ಯಾಕಿಂಗ್ ಕೆಲಸಕ್ಕೆ ಅನರ್ಹ.' ಬರೆಯುವಾಗ ಅದು ಆಫೀಸಿನ ಮಾತು ಎಂದುಕೊಂಡಿದ್ದೆ. ಆದರೆ ಆ ರಿಜಿಸ್ಟರ್ ಗೇಟಿನ ಹತ್ತಿರ ತೆರೆದೇ ಇರುತ್ತಿತ್ತು, ಹೆಂಗಸರು ಸಹಿ ಹಾಕುವ ಜಾಗದಲ್ಲಿ. ಅಂದು ಸಂಜೆಯೇ ಆ ಪದ ವ್ಯಾನ್ ಹತ್ತಿ ಕೆಂಕೆರೆ ತಲುಪಿತು.

ಮೂರು ವಾರದ ಮೇಲೆ ಅವಳು ಗೇಟಿಗೆ ಬಂದಳು. ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು.

"ಕೆಲ್ಸ ಕೇಳಕ್ಕೆ ಬಂದಿಲ್ಲ ಸಾರ್. ರೋಗ ಅಲ್ಲ, ಪುಡಿಯಿಂದ ಆಗಿದ್ದು ಅಂತ ಒಂದು ಚೀಟಿ ಬರ್ಕೊಡಿ. ಡೈರೀಲಿ ನಮ್ಮ ಹಾಲು ಹುಯ್ಯಿಸ್ಕೊಳ್ತಿಲ್ಲ."

"ಯಾರಮ್ಮ ಬೇಡ ಅಂದೋರು?"

"ಬಾಯಿ ಬಿಟ್ಟು ಯಾರಂತಾರೆ? ನಾನು ಹೋದ್ರೆ ಕ್ಯಾನು ಎತ್ಕೊಂಡು ಆ ಕಡೆ ಜರುಗ್ತಾರೆ. ಇವಳು ಕರೆದ ಹಾಲು ನಮ್ಮ ಹಾಲಿಗೆ ಬೆರೆಸ್ಬೇಡಿ ಅಂತ ಸೆಕ್ರೆಟ್ರಿ ಕಿವೀಲಿ ಊದವ್ರೆ. ಅವನು ಚೀಟಿ ತಗಂಬಾರಮ್ಮ, ಹುಯ್ಯಿಸ್ಕೊಳ್ತೀನಿ ಅಂದವ್ನೆ."

"ಸಾಹೇಬ್ರನ್ನ ಕೇಳಿ ಕೊಡ್ತೀನಿ. ಎಂಟು ದಿನ ಬಿಟ್ಟು ಬಾ."

ಎಂಟು ದಿನ ಬಿಟ್ಟು ಬಂದಳು. ಸಾಹೇಬರು ಇಲ್ಲ ಎಂದೆ. ಮತ್ತೆ ಬಂದಳು. ಲೆಟರ್‌ಹೆಡ್ ಮುಗಿದಿದೆ ಎಂದೆ. ಅದು ಸುಳ್ಳು. ನಾಲ್ಕನೇ ಸಲ ಬರಲಿಲ್ಲ.

ಆಡಿಟ್ ಆಗಿ ಎರಡು ತಿಂಗಳಾದ ಮೇಲೆ ಹೊರದೇಶದಿಂದ ಲ್ಯಾಬ್ ವರದಿ ಬಂತು. ಸ್ಯಾಂಪಲ್ ಜಾಕೆಟ್‌ಗಳಲ್ಲಿ ಡೈಮಿಥೈಲ್ ಫ್ಯೂಮರೇಟ್ ಎಂಬ ಮುಗ್ಗುನಾಶಕ ಸಿಕ್ಕಿತ್ತು. ಯುರೋಪಿನಲ್ಲಿ ನಿಷೇಧವಾದ ವಸ್ತು. ಅದು ಪೊಟ್ಟಣದಲ್ಲಿ ಸುಮ್ಮನೆ ಕೂರುವುದಿಲ್ಲ. ಬೆಚ್ಚಗಾದರೆ ನಿಧಾನಕ್ಕೆ ಆವಿಯಾಗಿ ಬಟ್ಟೆಗೆ, ಬಟ್ಟೆಯಿಂದ ಮೈಗೆ ಇಳಿಯುತ್ತದೆ. ಜಾಕೆಟ್ ಬೆಚ್ಚಗಿಡಲೆಂದೇ ಇರುವುದು, ಇನ್ನು ಹೇಳಬೇಕೆ? ಪೆಟ್ಟಿಗೆಗಳು ಬಂದರಿನಲ್ಲೇ ತಡೆದು ನಿಂತವು. ಯಾವ ಮಗುವಿನ ಮೈಗೂ ಹೋಗಲಿಲ್ಲ. ಅಷ್ಟು ಮಾತ್ರ ಒಳ್ಳೆಯದಾಯಿತು, ಅದರಲ್ಲಿ ನನ್ನ ಪಾಲು ಏನೂ ಇಲ್ಲ. ವರದಿ ಹಿಡಿದು ನಾನು ತಿಪಟೂರಿನ ಆ ಚರ್ಮದ ಡಾಕ್ಟರ ಹತ್ತಿರ ಹೋದೆ. ಒಂದು ಸಲ ಮುಟ್ಟಿದವನಿಗೆ ಏನೂ ಆಗದೇ ಇರಬಹುದು, ದಿನವೂ ಮುಟ್ಟಿ ಮೈ ಒಮ್ಮೆ ಅದನ್ನು ಗುರುತು ಹಿಡಿದರೆ ಆಮೇಲೆ ಚಿಟಿಕೆಯಷ್ಟಕ್ಕೂ ಗುಳ್ಳೆ ಏಳುತ್ತದೆ, ಆದರೆ ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ ಎಂದು ಅವರು ಬಿಡಿಸಿ ಹೇಳಿದರು. ಅವಳ ಸಾವಿರದ ಲೆಕ್ಕ ಸರಿಯಾಗಿತ್ತು.

ಆಗಲಾದರೂ ಚೀಟಿ ಬರೆಯಬೇಕಿತ್ತು. ನನ್ನ ಮೇಲೆ ನನಗೇ ಸಿಟ್ಟು ಬರುವುದು ಇಲ್ಲೇ. ಮ್ಯಾನೇಜರ್ ಹತ್ತಿರ ಹೋದೆ. ರಿಜಿಸ್ಟರ್ ಬೆಂಗಳೂರು ಆಫೀಸಿಗೆ ಹೋಗಿದೆ ಎಂದರು. ಬೆಂಗಳೂರಿಗೆ ಫೋನ್ ಮಾಡಿದೆ. ಯೂನಿಟ್‌ನವರನ್ನೇ ಕೇಳಿ ಎಂದರು. ಯೂನಿಟ್‌ನವರು ವಕೀಲರು ನೋಡಬೇಕು ಎಂದರು. ಅದರ ನಡುವೆ, ಪೊಟ್ಟಣಗಳು ಸಿಲಿಕಾ ಜೆಲ್ ಎಂದೇ ಸರಬರಾಜಾಗಿದ್ದವು, ದಾಖಲೆ ಸರಿ ಇತ್ತು ಎಂಬ ಹೇಳಿಕೆಗೆ ನನ್ನ ಸಹಿ ಬೇಕಾಯಿತು. ಅದಕ್ಕೆ ಮಾತ್ರ ಅರ್ಧ ಗಂಟೆಯಲ್ಲಿ ಲೆಟರ್‌ಹೆಡ್, ಸೀಲು, ಪೆನ್ನು ಎಲ್ಲ ಬಂದವು. ನಾನು ಸಹಿ ಹಾಕಿದೆ. ಒಂದು ಸಾಲು ಬರೆಯಲು ನನ್ನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಬಿಳಿ ಕಾಗದ ಮನೆಯಲ್ಲೇ ಇತ್ತು, ಪೆನ್ನು ಜೇಬಿನಲ್ಲಿತ್ತು. ಸೀಲಿಗಾಗಿ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಒಂದು ವರ್ಷಕ್ಕೂ ಮೇಲೆ ಕಳೆದೆ. ಆಮೇಲೆ ಕೊರೊನಾ ಬಂತು, ಕಾರ್ಖಾನೆ ಮುಚ್ಚಿತು, ಮ್ಯಾನೇಜರ್ ಫೋನ್ ಸ್ವಿಚ್ ಆಫ್ ಆಯಿತು.

ಬಸ್ಸು ಮತ್ತೆ ಓಡಲು ಶುರುವಾದ ಮೇಲೆ ಒಂದು ದಿನ ಬಿಳಿ ಕಾಗದದಲ್ಲಿ ಎಲ್ಲ ಬರೆದು, ಸಹಿ ಹಾಕಿ, ಅವಳ ಊರಿನ ಡೈರಿಗೆ ಹೋದೆ. ಸೆಕ್ರೆಟರಿ ಎರಡು ಸಲ ಓದಿದ.

"ಸೀಲೇ ಇಲ್ವಲ್ಲ ಸಾರ್?"

"ಕಂಪ್ನೀನೇ ಇಲ್ಲ ಕಣಪ್ಪ. ಸೀಲು ಎಲ್ಲಿಂದ ತರ್ಲಿ?"

"ಇರ್ಲಿ ಬುಡಿ" ಎಂದು ಕಾಗದ ಮಡಿಸಿ ವಾಪಸ್ಸು ಕೊಟ್ಟ. "ಆಯಮ್ಮ ಹಸ ಮಾರಿ ವರ್ಷದ ಮೇಲಾಯ್ತು. ಈಗ ಚೀಟಿ ಇಟ್ಕೊಂಡು ಏನು ಹಾಲು ಕರೀತಾಳೆ?"

ಅವಳ ಹಟ್ಟಿ ಅಲ್ಲಿಂದ ಕಾಣುತ್ತಿತ್ತು. ಹತ್ತು ನಿಮಿಷ ನಡೆದರೆ ಸಿಗುತ್ತಿತ್ತು. ನಾನು ಬಸ್ ಸ್ಟಾಪಿನ ಕಡೆ ನಡೆದೆ.

ಹೋದ ವರ್ಷ ಹುಳಿಯಾರು ಬಸ್ ನಿಲ್ದಾಣದಲ್ಲಿ ಅವಳೇ ನನ್ನನ್ನು ಗುರುತು ಹಿಡಿದಳು. ಮಣಿಕಟ್ಟಿನ ಮೇಲೆ ಕಪ್ಪಗೆ ಕಲೆ ಉಳಿದಿತ್ತು.

"ಚೆನ್ನಾಗಿದ್ದೀರಾ ಸಾರ್?"

"ಹೂಂ ಕಣಮ್ಮ. ಕೈ ವಾಸಿ ಆಯ್ತಾ?"

"ಕೈ ಆವತ್ತೇ ವಾಸಿ ಆಯ್ತು ಬುಡಿ ಸಾರ್."

ಹೇಳಬೇಕಾದ ಮಾತು ನನ್ನ ಬಾಯಿತನಕ ಬಂದಿತ್ತು. ತಿಪಟೂರು ಬಸ್ಸೂ ಬಂತು. ಮುಂದಿನ ಬಸ್ಸು ಅರ್ಧ ಗಂಟೆಗೆ ಇತ್ತು. ಆದರೂ ನಾನು ಆ ಬಸ್ಸನ್ನೇ ಹತ್ತಿದೆ.

ಈಗ ಯಾರಾದರೂ ಹೊಸ ಜಾಕೆಟ್ ತಂದರೆ ಒಳಜೇಬು ನೋಡಿ, ಹೆಸರಿಲ್ಲದ ಪೊಟ್ಟಣವಿದ್ದರೆ ಹರಿಯದೆ ಹೊರಗೆ ಹಾಕಿ ಎನ್ನುತ್ತೇನೆ. ಬಟ್ಟೆಯನ್ನು ಗಾಳಿಗೆ ಹಾಕಿ, ಒಗೆದು ಹಾಕಿಕೊಳ್ಳಿ ಎನ್ನುತ್ತೇನೆ. ವಾಸನೆ ಬಂದರೆ ಕೆಟ್ಟದ್ದು, ಬರದಿದ್ದರೆ ಒಳ್ಳೆಯದು ಎಂಬ ಲೆಕ್ಕ ಕೊಬ್ಬರಿಗೆ ಸರಿ, ಕೆಮಿಕಲ್‌ಗೆ ಅಲ್ಲ. ಆದರೆ ಆ ಕಾರ್ಖಾನೆಯ ಕೆಲಸ ನನಗೆ ಕಲಿಸಿದ್ದು ಇದಕ್ಕಿಂತ ಸರಳವಾದದ್ದು. ದಿನವಿಡೀ ಮುಟ್ಟುವವರ ಕೈ ಏನು ಹೇಳುತ್ತದೋ ಅದೇ ಮೊದಲ ವರದಿ. ಹೊರದೇಶದ ಲ್ಯಾಬಿಗಿಂತ ಎರಡು ತಿಂಗಳಿಗೂ ಹೆಚ್ಚು ಮೊದಲೇ ಅದು ನನ್ನ ಮೇಜಿನ ಮುಂದೆ ಬಂದು ನಿಂತಿತ್ತು. ನಾನು ಅದಕ್ಕೆ ಎಣ್ಣೆ ಹಚ್ಚಿಕೋ ಎಂದೆ.

ರಿಜಿಸ್ಟರಿನಲ್ಲಿ ನಾನು ಬರೆದದ್ದು ಸುಳ್ಳು. ಅವಳಿಗೆ ಯಾವ ರೋಗವೂ ಇರಲಿಲ್ಲ. ಅವಳು ಹೇಳಿದ್ದೆಲ್ಲ ನಿಜ, ನಾನು ಇಂಗ್ಲಿಷಿನಲ್ಲಿ ಹೇಳಿದ್ದು ನಿಜವಲ್ಲ. ಈ ಬರಹಕ್ಕೂ ಸೀಲು ಇಲ್ಲ. ಓದಿದವರಲ್ಲಿ ಯಾರಾದರೂ ಕೆಂಕೆರೆ ಕಡೆಯವರಿದ್ದರೆ, ಕ್ಯಾನು ಎತ್ತಿಕೊಂಡು ಆ ಕಡೆ ಜರುಗಿದವರಿದ್ದರೆ, ತಿಳಿಯಲಿ. ಅವಳ ಹೆಸರು ಜುಂಜಮ್ಮ.